ನಾಲ್ಕು ತಾಲ್ಲೂಕು, ನಾಲ್ಕು ಕಲೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ಚನ್ನಗಿರಿ ಕಡೆಯ ಹಳ್ಳಿಗಳಿಗೆ ಹೋದರೆ ಎರಡು ಬಣ್ಣ ಕಣ್ಣಿಗೆ ಬೀಳುತ್ತವೆ. ಅಂಗಳದಲ್ಲಿ ಒಣಗಲು ಹರವಿದ, ಬೇಯಿಸಿದ ಅಡಿಕೆಯ ಕೆಂಪು ಒಂದು. ಹಸಿ ಅಡಿಕೆ ಸುಲಿದ ಹೆಂಗಸರ ಬೆರಳುಗಳ ಕಪ್ಪು ಇನ್ನೊಂದು. ಎರಡಕ್ಕೂ ಮೂಲ ಅಡಿಕೆಯೊಳಗಿನ ಟ್ಯಾನಿನ್, ನಮ್ಮ ಮಾತಿನಲ್ಲಿ ಒಗರು. ಹಂಡೆಯಲ್ಲಿ ಅಡಿಕೆ ಬೆಂದಾಗ ಆ ಒಗರು ನೀರಿಗಿಳಿದು ಚೊಗರಾಗುತ್ತದೆ. ಅದೇ ಚೊಗರನ್ನು ಮತ್ತೆ ಅಡಿಕೆಗೆ ಹಚ್ಚಿ ಬಣ್ಣ ಬರಿಸುತ್ತಾರೆ. ಬೆರಳಿನ ಕಪ್ಪು ಸೋಪಿಗೆ ಜಗ್ಗುವುದಿಲ್ಲ. ಆದರೂ ಕೆಲವು ವಾರಗಳಲ್ಲಿ ತಾನಾಗಿ ಮಾಯವಾಗುತ್ತದೆ, ಏಕೆಂದರೆ ಚರ್ಮ ತನ್ನ ಮೇಲ್ಪದರವನ್ನು ಉದುರಿಸಿ ಹೊಸದನ್ನು ಹುಟ್ಟಿಸಿಕೊಳ್ಳುತ್ತಲೇ ಇರುತ್ತದೆ. ಹಲ್ಲಿಗೆ ಆ ಭಾಗ್ಯವಿಲ್ಲ. ಒಮ್ಮೆ ಹುಟ್ಟಿದ ಹಲ್ಲಿನ ಹೊರಕವಚದಲ್ಲಿ ಜೀವಕೋಶವೇ ಇರುವುದಿಲ್ಲ. ಅದಕ್ಕೆ ಹತ್ತಿದ ಬಣ್ಣವನ್ನು ಯಾರಾದರೂ ತೆಗೆಯಬೇಕು.

ಚನ್ನಗಿರಿಯಿಂದ ಉತ್ತರಕ್ಕೆ, ಜಿಲ್ಲೆಯ ಇನ್ನೊಂದು ತುದಿಯಲ್ಲಿ ಜಗಳೂರು ಇದೆ. ಅಲ್ಲಿ ಎಲೆ ಅಡಿಕೆ ಮುಟ್ಟದ, ಚಹಾ ರುಚಿ ನೋಡದ ಹನ್ನೆರಡು ವರ್ಷದ ಹುಡುಗಿಯ ಹಲ್ಲಲ್ಲೂ ಕಂದು ಪಟ್ಟೆ ಇರಬಹುದು. ಅವಳು ಬೆಳಗ್ಗೆ ಸಂಜೆ ಬ್ರಷ್ ಮಾಡುತ್ತಾಳೆ, ಪಟ್ಟೆ ಹೋಗುವುದಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಇಡುವುದನ್ನು ಕಲಿತುಬಿಡುತ್ತಾಳೆ.

ಅಡಿಕೆ ಜಗಿದು ಹಲ್ಲಿಗೆ ಬಣ್ಣ ಹತ್ತಿದವರೂ ಈ ಹುಡುಗಿಯೂ ದಂತವೈದ್ಯರ ಎದುರು ಕೂತಾಗ ಕೇಳುವುದು ಒಂದೇ ಮಾತು: "ಹಲ್ಲು ಬೆಳ್ಳಗೆ ಮಾಡಿಸಬೇಕು. ಯಾವುದು ಒಳ್ಳೇದು?" ಈ ಅಧ್ಯಾಯ ಆ ಪ್ರಶ್ನೆಗೆ ಉತ್ತರ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ನಾಲ್ವರನ್ನು ಕಲ್ಪಿಸಿಕೊಂಡು, ನಾಲ್ಕು ಬಗೆಯ ಕಲೆ ಹಿಡಿದು ಉತ್ತರ ಹುಡುಕೋಣ. ನಾಲ್ಕೂ ಕಲೆಗಳು ಎಲ್ಲ ತಾಲ್ಲೂಕುಗಳಲ್ಲೂ ಇವೆ. ಆದರೂ ಒಂದೊಂದಕ್ಕೆ ಒಂದೊಂದು ಊರು ಕೊಟ್ಟರೆ ನೆನಪಿನಲ್ಲಿ ಉಳಿಯುತ್ತದೆ. ಇಂಥ ಚಿಕಿತ್ಸೆಗೆ ದೂರದ ಊರಿಗೆ ಹೋಗಬೇಕಾಗಿಲ್ಲ. 1979ರಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಶುರುವಾದ ದಾವಣಗೆರೆಯಲ್ಲಿ ಇಂದು ಎರಡು ದಂತ ಕಾಲೇಜುಗಳಿವೆ.

ಹಲ್ಲಿನ ಬಣ್ಣ ಎಲ್ಲಿಂದ ಬರುತ್ತದೆ?

ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ತೂಕದ ಲೆಕ್ಕದಲ್ಲಿ ಅದರ ನೂರಕ್ಕೆ ಸುಮಾರು 96 ಭಾಗ ಖನಿಜ. ಆದರೆ ಅದು ಸುಣ್ಣದಂತೆ ಬೆಳ್ಳಗಿರುವುದಿಲ್ಲ, ಬೆಳಕು ಅರ್ಧಂಬರ್ಧ ಹಾಯುವ ಮಂಜುಗಾಜಿನಂತಿರುತ್ತದೆ. ಅದರ ಕೆಳಗಿರುವ ಡೆಂಟಿನ್ ಪದರದ ಬಣ್ಣ ಹಳದಿ. ನಾವು ಹಲ್ಲಿನ ಬಣ್ಣ ಎನ್ನುವುದು ಈ ಗಾಜಿನ ಮೂಲಕ ಕಾಣುವ ಹಳದಿಯನ್ನು. ಆದ್ದರಿಂದ ಆರೋಗ್ಯವಂತ ಹಲ್ಲು ಹಾಲಿನ ಬಿಳುಪಿಗಿಂತ ಬೆಣ್ಣೆಯ ಬಣ್ಣಕ್ಕೆ ಹತ್ತಿರ. ಇದು ದೋಷವಲ್ಲ.

ಕಲೆ ಮೂರು ಕಡೆ ಕೂರಬಹುದು: ಎನಾಮಲ್ಲಿನ ಮೇಲೆ, ಎನಾಮಲ್ಲಿನ ಒಳಗೆ, ಡೆಂಟಿನ್ನಿನಲ್ಲಿ. ಬಿಳುಪು ತರುವ ಪ್ರತಿಯೊಂದು ವಿಧಾನವೂ ಇವುಗಳಲ್ಲಿ ಒಂದೆರಡು ಕಡೆಗಷ್ಟೇ ತಲುಪುತ್ತದೆ. ಹಾಗಾಗಿ ಕಲೆ ಎಲ್ಲಿ ಕೂತಿದೆ ಎಂದು ನೋಡದೆ ಎರಡು ವಿಧಾನಗಳನ್ನು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿರುವುದಿಲ್ಲ.

ಹೋಲಿಸಲು ಅಳತೆಯೂ ಬೇಕು. ದಂತವೈದ್ಯರ ಬಳಿ ಎ1ರಿಂದ ಡಿ4ರವರೆಗೆ 16 ಬಣ್ಣದ ಹಲ್ಲಿನ ಮಾದರಿಗಳ ಪಟ್ಟಿ ಇರುತ್ತದೆ. ಸಂಶೋಧಕರು ಇನ್ನೂ ಸೂಕ್ಷ್ಮವಾಗಿ, ಉಪಕರಣದಿಂದ ಬಣ್ಣದ ಅಂತರವನ್ನು ಅಂಕಿಯಲ್ಲಿ ಅಳೆಯುತ್ತಾರೆ. ಆ ಅಳತೆಯಲ್ಲಿ ಅಂತರ ಸುಮಾರು 1.2 ದಾಟಿದರೆ ನೋಡುವವರಲ್ಲಿ ಅರ್ಧದಷ್ಟು ಜನರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಸುಮಾರು 2.7 ದಾಟಿದರೆ ಅರ್ಧದಷ್ಟು ಜನ ಎರಡು ಹಲ್ಲಿನ ಬಣ್ಣ ಹೊಂದುವುದಿಲ್ಲ ಎನ್ನುತ್ತಾರೆ. ಎರಡು ವಿಧಾನಗಳ ನಡುವಿನ ವ್ಯತ್ಯಾಸ 1.2ಕ್ಕಿಂತಲೂ ಕಡಿಮೆಯಿದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಅಳೆಯುವ ಹೊತ್ತೂ ಮುಖ್ಯ. ಬಾಯಿ ತೆರೆದುಕೊಂಡು ಒಂದು ಗಂಟೆ ಕೂತರೆ ಹಲ್ಲು ಒಣಗುತ್ತದೆ, ಒಣಗಿದ ಎನಾಮಲ್ ಔಷಧ ಹಚ್ಚದಿದ್ದರೂ ಹೆಚ್ಚು ಬೆಳ್ಳಗೆ ಕಾಣುತ್ತದೆ. ಚಿಕಿತ್ಸೆ ಮುಗಿದ ತಕ್ಷಣ ತೆಗೆದ ಫೋಟೋದಲ್ಲಿ ಈ ಒಣಬಿಳುಪೂ ಸೇರಿರುತ್ತದೆ. ಎಂಜಲು ಮತ್ತೆ ಒಳಗಿಳಿದ ಮೇಲೆ, ಎರಡು ವಾರ ಕಳೆದು ನೋಡಿದ ಬಣ್ಣವೇ ನಿಜವಾದ ಫಲಿತಾಂಶ.

ಚನ್ನಗಿರಿ: ಮೇಲೆ ಕೂತ ಕಲೆ

ಮೊದಲನೆಯವರು ಚನ್ನಗಿರಿಯ ಅಡಿಕೆ ಬೆಳೆಗಾರರು. ಊಟವಾದ ಮೇಲೆ ಎಲೆ ಅಡಿಕೆ, ನಡುವೆ ನಡುವೆ ಒಂದು ಹೋಳು. ಹಲ್ಲಿನ ಸಂದಿಗಳಲ್ಲಿ ಕಪ್ಪು ಕೆಂಪು ಬಣ್ಣ ಗಟ್ಟಿಯಾಗಿ ಹತ್ತಿದೆ. ಹಲ್ಲಿನ ಮೇಲೆ ಸದಾ ಎಂಜಲಿನ ತೆಳುವಾದ ಪೊರೆ ಇರುತ್ತದೆ. ಟ್ಯಾನಿನ್ ಆ ಪೊರೆಯ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಅದರ ಮೇಲೆ ಪಾಚಿ ಕಟ್ಟುತ್ತದೆ, ಪಾಚಿ ಗಟ್ಟಿಯಾಗಿ ಗಾರೆಯಾಗುತ್ತದೆ. ಚಹಾ, ಬೀಡಿ, ಹೊಗೆಸೊಪ್ಪಿನ ಕಲೆಗಳೂ ಇದೇ ಗುಂಪಿನವು.

ಇದಕ್ಕೆ ಔಷಧ ಹಚ್ಚಿ ಬಿಳುಪು ಮಾಡುವ ಬ್ಲೀಚಿಂಗ್ ಬೇಕಿಲ್ಲ, ಸ್ಕೇಲಿಂಗ್ ಮತ್ತು ಪಾಲಿಶಿಂಗ್ ಸಾಕು. ಸ್ಕೇಲಿಂಗ್ ಉಪಕರಣದ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಬಾರಿ ಕಂಪಿಸಿ ಗಾರೆಯನ್ನು ಒಡೆಯುತ್ತದೆ, ನೀರು ಅದನ್ನು ತೊಳೆದುಕೊಂಡು ಹೋಗುತ್ತದೆ. ಸಂದಿಯಲ್ಲಿ ಉಳಿದ ಬಣ್ಣವನ್ನು ಅಡುಗೆ ಸೋಡಾದ ನಯವಾದ ಪುಡಿಯನ್ನು ಗಾಳಿ ಮತ್ತು ನೀರಿನ ರಭಸದಲ್ಲಿ ಬಿಟ್ಟು ತೆಗೆಯಬಹುದು. ಇರುವ ವಿಧಾನಗಳಲ್ಲೆಲ್ಲ ಕಡಿಮೆ ಖರ್ಚಿನದು ಇದು. ಮೇಲಿನ ಕಲೆಗೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೊಂದಿಲ್ಲ.

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬೀಳುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಸಂದಿ ಮೊದಲೇ ಬಿದ್ದಿರುತ್ತದೆ, ಗಾರೆ ಅದನ್ನು ತುಂಬಿಕೊಂಡಿರುತ್ತದೆ ಅಷ್ಟೆ. ವಸಡನ್ನು ಹಿಂದಕ್ಕೆ ತಳ್ಳಿ ಎಲುಬನ್ನು ಕರಗಿಸುವ ರೋಗಕ್ಕೆ ಆಸರೆ ಕೊಡುವುದು ಆ ಗಾರೆಯೇ. ಇದ್ದಿಲು, ಬೂದಿ, ಇಟ್ಟಿಗೆ ಪುಡಿಯಿಂದ ಉಜ್ಜಿದರೂ ಮೇಲಿನ ಕಲೆ ಹೋಗುತ್ತದೆ ನಿಜ. ಆದರೆ ಅದರೊಂದಿಗೆ ಎನಾಮಲ್ಲೂ ಸವೆಯುತ್ತದೆ. ಮಂಜುಗಾಜು ತೆಳುವಾದಷ್ಟೂ ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ಬಿಳುಪಿಗಾಗಿ ಉಜ್ಜಿದವರ ಹಲ್ಲು ವರ್ಷಗಳ ಮೇಲೆ ಇನ್ನಷ್ಟು ಹಳದಿಯಾಗುವುದು ಹೀಗೆ.

ದಂತವೈದ್ಯರ ಈ ಕುರ್ಚಿಯಲ್ಲಿ ಬಿಳುಪಿಗಿಂತ ದೊಡ್ಡ ವಿಷಯವೊಂದಿದೆ. ಅಡಿಕೆ ಚನ್ನಗಿರಿಯ ಅನ್ನ. ತುಮ್ಕೋಸ್‌ನಂಥ ಸಹಕಾರ ಸಂಘ ಬೆಳೆದದ್ದು ಆ ಬೆಳೆಯ ಮೇಲೆ. ಆದರೂ ಸತ್ಯ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ವರದಿಯಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಎಂದು ತೀರ್ಮಾನಿಸಿತು. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಿಳಿಚಿಕೊಂಡು, ಬಾಯಿ ತೆರೆಯುವುದೇ ಕಷ್ಟವಾಗುವ ರೋಗವೊಂದಿದೆ. ಅದು ಕ್ಯಾನ್ಸರಿಗೆ ತಿರುಗಬಲ್ಲದು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನೆಟ್ಟಗೆ ಜೋಡಿಸಿ ಬಾಯಿಗೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಹಲ್ಲಿನ ಬಣ್ಣದ ಮಾತು ಆಮೇಲೆ. ಮೊದಲು ಕೆನ್ನೆಯ ಪರೀಕ್ಷೆ ಆಗಬೇಕು.

ಹೊನ್ನಾಳಿ: ವಯಸ್ಸು ತಂದ ಹಳದಿ

ಎರಡನೆಯವರು ಹೊನ್ನಾಳಿಯ ಶಿಕ್ಷಕಿ, ಐವತ್ತು ದಾಟಿದವರು. ಸ್ಕೇಲಿಂಗ್ ಆಗಿದೆ, ಕಲೆ ಇಲ್ಲ, ಹಲ್ಲು ಮಾತ್ರ ಹಳದಿ. ವಯಸ್ಸಾದಂತೆ ಎನಾಮಲ್ ಸವೆಯುತ್ತದೆ, ಡೆಂಟಿನ್ ಒಳಗಿನಿಂದ ದಪ್ಪವಾಗುತ್ತ ಬಣ್ಣ ಕೂಡಿಸಿಕೊಳ್ಳುತ್ತದೆ. ಬ್ಲೀಚಿಂಗ್ ಎಂಬ ಚಿಕಿತ್ಸೆಗೆ ತಕ್ಕ ಜಾಗ ಇದು.

ಬ್ಲೀಚಿಂಗಿನ ಜೀವಾಳ ಹೈಡ್ರೋಜನ್ ಪೆರಾಕ್ಸೈಡ್. ಅದರ ಅಣು ಎಷ್ಟು ಚಿಕ್ಕದೆಂದರೆ ಎನಾಮಲ್ಲಿನ ಸೂಕ್ಷ್ಮ ಸಂದುಗಳಲ್ಲಿ ನುಸುಳಿ ಡೆಂಟಿನ್ ಮುಟ್ಟುತ್ತದೆ. ಅಲ್ಲಿ ಒಡೆದು, ಬಣ್ಣ ಹೊತ್ತ ಅಣುಗಳನ್ನು ಉತ್ಕರ್ಷಿಸಿ ಬಣ್ಣವಿಲ್ಲದ ಅಣುಗಳಾಗಿ ಬದಲಿಸುತ್ತದೆ. ಅರಿಸಿನದ ಕಲೆಯ ಪಂಚೆಯನ್ನು ಬಿಸಿಲಿಗೆ ಹರವಿದರೆ ಹಳದಿ ಹಾರಿಹೋಗುತ್ತದಲ್ಲ, ಬಟ್ಟೆಯ ನೂಲು ಅಲ್ಲೇ ಇರುತ್ತದೆ, ಬಣ್ಣದ ಅಣು ಮಾತ್ರ ಮುರಿದಿರುತ್ತದೆ. ಹಲ್ಲಿನಲ್ಲೂ ಮುರಿಯುವುದು ಬಣ್ಣದ ಅಣುವೇ, ಆದರೆ ಅದನ್ನು ಮುರಿಯುವುದು ಬಿಸಿಲಲ್ಲ, ಪೆರಾಕ್ಸೈಡ್.

ಇದನ್ನು ಹಲ್ಲಿಗೆ ಮುಟ್ಟಿಸಲು ಎರಡು ದಾರಿಗಳಿವೆ. ಮೊದಲನೆಯದು ಟ್ರೇ ವಿಧಾನ. ವೈದ್ಯರು ಹಲ್ಲಿನ ಅಚ್ಚು ತೆಗೆದು ತೆಳುವಾದ ಟ್ರೇ ಮಾಡಿಕೊಡುತ್ತಾರೆ. ರಾತ್ರಿ ಅದರಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ತೊಟ್ಟು ಮಲಗಬೇಕು. ಅದು ನಿಧಾನವಾಗಿ ಒಡೆದು ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಕೊಡುತ್ತದೆ. ಸಾಮಾನ್ಯವಾಗಿ ಎರಡು ವಾರ ಅಥವಾ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಈ ವಿಧಾನ ಹೊಳೆದದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕನ್ಸಾದ ದಂತವೈದ್ಯ ಬಿಲ್ ಕ್ಲುಸ್ಮಿಯರ್ ವಸಡಿನ ಗಾಯಕ್ಕೆಂದು ಕೊಟ್ಟ ಔಷಧದಿಂದ ಹಲ್ಲು ಬೆಳ್ಳಗಾದದ್ದನ್ನು ಗಮನಿಸಿದರು. 1989ರಲ್ಲಿ ಹೇವುಡ್ ಮತ್ತು ಹೇಮನ್ ಅದನ್ನು ಶಾಸ್ತ್ರೀಯ ವಿಧಾನವಾಗಿ ಪ್ರಕಟಿಸಿದರು.

ಎರಡನೆಯದು ಕ್ಲಿನಿಕ್ಕಿನಲ್ಲೇ ಮಾಡುವುದು. ವಸಡಿಗೆ ರಕ್ಷಣೆಯ ಲೇಪ ಹಾಕಿ 35ರಿಂದ 40% ಹೈಡ್ರೋಜನ್ ಪೆರಾಕ್ಸೈಡನ್ನು ಹಲ್ಲಿಗೆ ಹಚ್ಚುತ್ತಾರೆ. ಒಂದು ಗಂಟೆಯೊಳಗೆ ಮುಗಿಯುತ್ತದೆ. ಮದುವೆ ವಾರವಿದ್ದಾಗ ಓಡಿ ಬಂದವರಿಗೆ ಇದು ಆಕರ್ಷಕ. ಆದರೆ ಹಲವರಿಗೆ ಒಂದೇ ಬಾರಿಗೆ ಬೇಕಾದ ಬಣ್ಣ ಬರುವುದಿಲ್ಲ, ಎರಡನೇ ಮೂರನೇ ಸಲ ಕೂರಬೇಕಾಗುತ್ತದೆ.

ಎರಡರಲ್ಲಿ ಗೆಲ್ಲುವುದು ಯಾವುದು? ಎರಡನ್ನೂ ಕೊನೆಯವರೆಗೆ ಮಾಡಿ ಕೆಲವು ವಾರ ಬಿಟ್ಟು ಅಳೆದರೆ ಬಿಳುಪಿನಲ್ಲಿ ದೊಡ್ಡ ಅಂತರ ಕಾಣುವುದಿಲ್ಲ. ಒಂದು ರಾತ್ರಿಗಳನ್ನು ಕೇಳುತ್ತದೆ, ಇನ್ನೊಂದು ಹಣವನ್ನು. ಪೆರಾಕ್ಸೈಡಿನ ಪ್ರಮಾಣ ಏರಿದಂತೆ ಹಲ್ಲು ಜುಮ್ಮೆನ್ನುವ ಸಾಧ್ಯತೆಯೂ ಏರುತ್ತದೆ. ಈ ಜುಮ್ಮು ತಾತ್ಕಾಲಿಕ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು ಅದನ್ನು ತಗ್ಗಿಸುತ್ತದೆ. ಯುರೋಪಿಯನ್ ಒಕ್ಕೂಟದ ಸೌಂದರ್ಯವರ್ಧಕ ನಿಯಮ 2012ರಿಂದ ಹಲ್ಲು ಬಿಳುಪು ಮಾಡುವ ಉತ್ಪನ್ನಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡಿಗೆ 6% ಮಿತಿ ಹಾಕಿದೆ, 18 ವರ್ಷದೊಳಗಿನವರಿಗೆ ಬಳಸಬಾರದೆಂದಿದೆ.

ಮನೆಯಲ್ಲಿ ಮಾಡಿಕೊಳ್ಳುವ ಬ್ಲೀಚಿಂಗ್ ಬಗ್ಗೆ 2018ರಲ್ಲಿ ಪ್ರಕಟವಾದ ಕಾಕ್ರನ್ ವಿಮರ್ಶೆ 71 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಬ್ಲೀಚಿಂಗಿನಿಂದ ಅಲ್ಪಾವಧಿಯಲ್ಲಿ ಹಲ್ಲು ಬಿಳುಪಾಗುತ್ತದೆ, ಜುಮ್ಮೆನ್ನುವುದು ಮತ್ತು ಬಾಯಿಯ ಉರಿ ಮುಖ್ಯ ತೊಂದರೆಗಳು ಎಂದು ಅದು ಕಂಡುಕೊಂಡಿತು. ಪ್ರಯೋಗಗಳು ಚಿಕ್ಕವು, ದೀರ್ಘಕಾಲದ ಸಾಕ್ಷ್ಯ ದುರ್ಬಲ ಎಂದೂ ಎಚ್ಚರಿಸಿತು.

ನೀಲಿ ದೀಪ, ಲೇಸರ್ ಎಂದು ಜಾಹೀರಾತು ಮಾಡುವ ಬಿಳುಪಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಪೆರಾಕ್ಸೈಡ್ ಒಂದನ್ನೇ ಬಳಸಿದ್ದಕ್ಕೂ ದೀಪ ಸೇರಿಸಿದ್ದಕ್ಕೂ ಕೊನೆಯ ಬಣ್ಣದಲ್ಲಿ ಅರ್ಥಪೂರ್ಣ ವ್ಯತ್ಯಾಸವನ್ನು ಪ್ರಯೋಗಗಳ ವಿಮರ್ಶೆಗಳು ಕಂಡಿಲ್ಲ. ದೀಪದ ಶಾಖವಾದರೋ ಡೆಂಟಿನ್ನಿನ ಒಳಗಿರುವ, ರಕ್ತನಾಳಗಳುಳ್ಳ ತಿರುಳಿಗೆ ಅಪಾಯ. 1965ರಲ್ಲಿ ಝ್ಯಾಕ್ ಮತ್ತು ಕೋಹೆನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ತಿರುಳಿನ ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ 15% ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ದೀಪಕ್ಕೆಂದು ಬೇರೆ ಹಣ ಕೊಡಬೇಡಿ.

ಬ್ಲೀಚಿಂಗ್ ಶಾಶ್ವತವಲ್ಲ. ಒಂದೆರಡು ವರ್ಷಗಳ ಮೇಲೆ ಮತ್ತೆ ಕೆಲವು ರಾತ್ರಿ ಟ್ರೇ ತೊಡಬೇಕಾಗಬಹುದು. ಕ್ಯಾಪ್ ಹಾಕಿದ, ಸಿಮೆಂಟ್ ತುಂಬಿದ ಹಲ್ಲಿನ ಬಣ್ಣ ಇದರಿಂದ ಬದಲಾಗುವುದಿಲ್ಲ.

ನ್ಯಾಮತಿ: ಒಂಟಿ ಕಪ್ಪು ಹಲ್ಲು

ಮೂರನೆಯವನು ನ್ಯಾಮತಿಯ ಯುವಕ. ಶಾಲೆಯಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗಿತ್ತು. ನೋವು ಮರೆತುಹೋಯಿತು, ವರ್ಷಗಳ ಮೇಲೆ ಆ ಒಂದೇ ಹಲ್ಲು ಕಪ್ಪಾಯಿತು. ಪೆಟ್ಟಿಗೆ ತಿರುಳಿನ ರಕ್ತನಾಳ ಒಡೆದು, ರಕ್ತ ಡೆಂಟಿನ್ನಿನ ಸೂಕ್ಷ್ಮ ನಾಳಗಳಿಗೆ ಇಳಿದಿದೆ. ಹಿಮೋಗ್ಲೋಬಿನ್ ಕೊಳೆತು ಅದರ ಕಬ್ಬಿಣ ಅಲ್ಲೇ ಬಣ್ಣವಾಗಿ ಉಳಿದಿದೆ.

ಇಲ್ಲಿ ಹೊರಗಿನಿಂದ ಎಷ್ಟು ಹಚ್ಚಿದರೂ ಫಲ ಕಡಿಮೆ. ಒಳಗಿನಿಂದ ಬಿಳುಪು ಮಾಡಬೇಕು. ಮೊದಲು ರೂಟ್ ಕೆನಾಲ್ ಚಿಕಿತ್ಸೆ, ಆಮೇಲೆ ಬೇರಿನ ಬಾಯಿಗೆ ಸಿಮೆಂಟಿನ ತಡೆ, ಅದರ ಮೇಲೆ ಸೋಡಿಯಂ ಪರ್ಬೋರೇಟ್ ಪುಡಿಯನ್ನು ನೀರಿನಲ್ಲಿ ಕಲಸಿ ಹಲ್ಲಿನೊಳಗಿಟ್ಟು ಮುಚ್ಚುತ್ತಾರೆ. ಹಲ್ಲು ಬಾಯಲ್ಲಿದ್ದಂತೆಯೇ ಬಿಳುಪಾಗುತ್ತ ಹೋಗುತ್ತದೆ. ಕೆಲವು ದಿನಗಳಿಗೊಮ್ಮೆ ಮದ್ದು ಬದಲಿಸಬೇಕು, ಎರಡರಿಂದ ನಾಲ್ಕು ಭೇಟಿ ಸಾಕಾಗುತ್ತದೆ. 1961ರಿಂದ ಬಳಕೆಯಲ್ಲಿರುವ ಈ ವಿಧಾನ ಅಗ್ಗದ್ದು, ಪರಿಣಾಮಕಾರಿ. ತಡೆ ಹಾಕದೆ, ಬಲವಾದ ಪೆರಾಕ್ಸೈಡನ್ನು ಕಾಯಿಸಿ ಬಳಸಿದರೆ ಬೇರು ಕರಗುವ ಅಪಾಯ ಹೆಚ್ಚು. ಒಂದು ಕಪ್ಪು ಹಲ್ಲಿಗಾಗಿ ಅದನ್ನು ಅರೆದು ಕ್ಯಾಪ್ ಹಾಕಿಸುವ ಮುನ್ನ ಇದನ್ನು ಕೇಳಿ ನೋಡಿ.

ಜಗಳೂರು: ನೀರು ಬರೆದ ಕಲೆ

ನಾಲ್ಕನೆಯವಳು ಆ ಜಗಳೂರಿನ ಹುಡುಗಿ. ಮಳೆ ಕಡಿಮೆಯಾದ ಈ ತಾಲ್ಲೂಕು ಬಹುಕಾಲ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿತ್ತು. ಆಳದ ಬಂಡೆಯಲ್ಲಿ ವರ್ಷಗಟ್ಟಲೆ ನಿಂತ ನೀರು ಅಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ತಾಲ್ಲೂಕಿನ ಹಲವು ಕಡೆ ಅದು ಮಿತಿ ಮೀರಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದಿದ್ದರೆ ಹೆಚ್ಚೆಂದರೆ 1.5.

ನೀರಿನ ಫ್ಲೋರೈಡಿಗೂ ಹಲ್ಲಿನ ಕಲೆಗೂ ಇರುವ ನಂಟಿನ ರಹಸ್ಯ ಬಿಚ್ಚಲು ಮೂವತ್ತು ವರ್ಷ ಹಿಡಿಯಿತು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ ಊರವರ ಹಲ್ಲಿನ ಕಂದು ಕಲೆ ಕಂಡು ಬೆರಗಾದರು. ಕಾರಣ ನೀರಿನಲ್ಲಿದೆ ಎಂದು ಅವರಿಗೆ ಅನುಮಾನ ಬಂತು. 1931ರಲ್ಲಿ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಅದು ಫ್ಲೋರೈಡ್ ಎಂದು ತೋರಿಸಿಕೊಟ್ಟರು. ಫ್ಲೋರೈಡ್ ತರುವ ಈ ರೋಗಕ್ಕೆ ಫ್ಲೋರೋಸಿಸ್ ಎಂದು ಹೆಸರು. ಭಾರತದಲ್ಲಿ ಎಲುಬಿಗೂ ಇಳಿದ ಫ್ಲೋರೋಸಿಸ್ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ವರದಿಯಾಯಿತು.

ದವಡೆಯೊಳಗೆ ಹಲ್ಲು ಕಟ್ಟುತ್ತಿರುವಾಗ ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಪೂರ್ತಿ ಗಟ್ಟಿಯಾಗದೆ ಒಳಗೆ ಸೂಕ್ಷ್ಮ ತೂತುಗಳು ಉಳಿಯುತ್ತವೆ. ಕಲ್ಲುಸಕ್ಕರೆ ಪಾರದರ್ಶಕ, ಅದನ್ನೇ ಪುಡಿ ಮಾಡಿದರೆ ಅಚ್ಚ ಬಿಳಿ. ಸಕ್ಕರೆ ಬದಲಾಗಿಲ್ಲ, ನಡುವೆ ಗಾಳಿ ಸೇರಿ ಬೆಳಕು ಚದುರಿದೆ. ಫ್ಲೋರೋಸಿಸ್‌ನ ಸುಣ್ಣದಂಥ ಬಿಳಿ ಮಚ್ಚೆಯೂ ಹೀಗೇ ಆದದ್ದು. ಹಲ್ಲು ಹುಟ್ಟಿದ ಮೇಲೆ ಆಹಾರದ ಬಣ್ಣ ಆ ತೂತುಗಳಿಗಿಳಿದು ಮಚ್ಚೆ ಕಂದಾಗುತ್ತದೆ.

ಆದ್ದರಿಂದ ಬರೀ ಬ್ಲೀಚಿಂಗ್ ಇಲ್ಲಿ ಮೋಸ ಮಾಡಬಹುದು. ಬಿಳಿ ಮಚ್ಚೆ ಮೊದಮೊದಲು ಇನ್ನಷ್ಟು ಎದ್ದು ಕಾಣುತ್ತದೆ. ಕಂದು ಕಲೆ ಮೇಲ್ಪದರದಲ್ಲಿದ್ದರೆ ಮೈಕ್ರೋಅಬ್ರೇಷನ್ ಒಳ್ಳೆಯದು: ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನುಣುಪು ಪುಡಿಯ ಮಿಶ್ರಣದಿಂದ ಎನಾಮಲ್ಲಿನ ಅತಿ ತೆಳು ಪದರವನ್ನು, ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ತೆಗೆಯುತ್ತಾರೆ. 1986ರಲ್ಲಿ ಕ್ರಾಲ್ ಮತ್ತು ಕ್ಯಾವನಾ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರು. ಇದಾದ ಮೇಲೆ ದೊಡ್ಡವರಿಗೆ ಟ್ರೇ ಬ್ಲೀಚಿಂಗ್ ಸೇರಿಸಿದರೆ ಬಣ್ಣ ಸಮನಾಗುತ್ತದೆ. ಇನ್ನೂ ಮಕ್ಕಳಾಗಿರುವವರು ಬ್ಲೀಚಿಂಗಿಗೆ ಕಾಯುವುದು ಲೇಸು.

ಬಿಳಿ ಮಚ್ಚೆಗೆ 2009ರಿಂದ ಇನ್ನೊಂದು ದಾರಿ ಇದೆ, ರೆಸಿನ್ ಇನ್‌ಫಿಲ್ಟ್ರೇಷನ್. ಮಿರ್ಚಿ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆ ಹೀರಿದ ಜಾಗ ಪಾರದರ್ಶಕವಾಗುವುದನ್ನು ದಾವಣಗೆರೆಯ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ನಾರುಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಸೇರಿದ್ದರಿಂದ ಬೆಳಕು ಚದುರುವುದು ನಿಂತಿದೆ. ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ ವಕ್ರೀಭವನ ಸೂಚ್ಯಂಕ. ಎನಾಮಲ್ಲಿನದು 1.62, ಗಾಳಿಯದು 1, ನೀರಿನದು 1.33. ಈ ಅಂತರ ಕಡಿಮೆಯಾದಷ್ಟೂ ಬೆಳಕು ಚದುರುವುದು ಕಡಿಮೆ. ಸುಮಾರು 1.5 ಸೂಚ್ಯಂಕದ ತೆಳು ರೆಸಿನ್ ತೂತುಗಳನ್ನು ತುಂಬಿದರೆ ಮಚ್ಚೆ ಸುತ್ತಲಿನ ಎನಾಮಲ್ಲಿನೊಂದಿಗೆ ಬೆರೆತುಹೋಗುತ್ತದೆ. ಕಲೆ ಆಳವಾಗಿದ್ದರೆ ಪೂರ್ತಿ ಅಳಿಸುವುದಿಲ್ಲ. ಹಲ್ಲಿನ ಮೇಲ್ಮೈಯೇ ಗುಂಡಿ ಬಿದ್ದಿದ್ದರೆ ಕಾಂಪೋಸಿಟ್ ಅಥವಾ ಪಿಂಗಾಣಿಯ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಉಳಿದ ದಾರಿ. ವೆನೀರಿನ ಬಿಳುಪು ಎಲ್ಲಕ್ಕಿಂತ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಪಿಂಗಾಣಿ ಕೂರಿಸಲು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಎನಾಮಲ್ ಅರೆಯಬೇಕು. ಅರೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಅದು ಮೊದಲ ಆಯ್ಕೆಯಾಗಬಾರದು.

ಹಾಗಾದರೆ ಯಾವುದು ಒಳ್ಳೆಯದು?

ಕಲೆ ಎಲ್ಲಿದೆಯೋ ಅಲ್ಲಿಗೆ ತಲುಪುವ, ಹಲ್ಲನ್ನು ಎಲ್ಲಕ್ಕಿಂತ ಕಡಿಮೆ ಸವೆಸುವ ವಿಧಾನವೇ ಒಳ್ಳೆಯದು. ಎಲ್ಲರಿಗೂ ಮೊದಲು ಸ್ಕೇಲಿಂಗ್. ಹಲವರ ಬಯಕೆ ಅಲ್ಲಿಗೇ ತೀರಬಹುದು. ಒಳಗಿನ ಹಳದಿಗೆ ವೈದ್ಯರು ಮಾಡಿಕೊಟ್ಟ ಟ್ರೇ, ಅವಸರವಿದ್ದರೆ ಕ್ಲಿನಿಕ್ಕಿನ ಬ್ಲೀಚಿಂಗ್. ಪೆಟ್ಟು ಬಿದ್ದು ಕಪ್ಪಾದ ಹಲ್ಲಿಗೆ ಒಳಗಿನಿಂದ ಬಿಳುಪು. ಫ್ಲೋರೋಸಿಸ್‌ಗೆ ಮೈಕ್ರೋಅಬ್ರೇಷನ್ ಮತ್ತು ರೆಸಿನ್, ಕೊನೆಗೆ ವೆನೀರ್. ವೈದ್ಯರನ್ನು ಬೆಲೆ ಕೇಳುವ ಮೊದಲು "ನನ್ನ ಕಲೆ ಯಾವುದು?" ಎಂದು ಕೇಳಿ.

ಜಗಳೂರಿನ ತಾಯಂದಿರಿಗೆ ಇನ್ನೊಂದು ಮಾತು. ಮುಂದಿನ ಹಲ್ಲುಗಳಿಗೆ ಫ್ಲೋರೋಸಿಸ್ ಬರೆಯುವುದು ಮಗುವಿನ ಮೊದಲ ಎಂಟು ವರ್ಷಗಳಲ್ಲಿ. ಆ ಎಂಟು ವರ್ಷ ಮಗುವಿನ ಕುಡಿಯುವ ನೀರು ಯಾವುದು ಎಂಬುದರ ಮೇಲೆ ಮುಂದಿನ ಐವತ್ತು ವರ್ಷದ ನಗು ನಿಂತಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟು ಇನ್ನೂ ದಟ್ಟವಾಗುತ್ತದೆ. ಆರ್‌ಒ ಘಟಕದ ನೀರು, ಮಳೆನೀರು, ನದಿ ಅಥವಾ ಕೆರೆಯಿಂದ ತಂದು ಶುದ್ಧೀಕರಿಸಿದ ನೀರು ಸುರಕ್ಷಿತ. ತುಂಗಭದ್ರೆಯ ನೀರನ್ನು ಎತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆಯನ್ನು ಜನ ಬೇಸಾಯದ ಯೋಜನೆ ಎನ್ನುತ್ತಾರೆ. ಆ ನೀರು ಶುದ್ಧವಾಗಿ ಮಕ್ಕಳ ಲೋಟಕ್ಕೂ ಬಂದರೆ ಅದು ಹಲ್ಲಿನ ಯೋಜನೆಯೂ ಹೌದು. ನಿಮ್ಮ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಬಂದ ಕಲೆಯನ್ನು ತೆಗೆಯಲು ಇಷ್ಟೆಲ್ಲ ವಿಧಾನಗಳಿವೆ, ಬಾರದಂತೆ ತಡೆಯಲು ಒಂದು ಲೋಟ ಒಳ್ಳೆಯ ನೀರು ಸಾಕು.